ಹತ್ತು ಗಂಟೆಯ ಬ್ಯಾಚು

ಕಳೆದ ವಾರ ಶಿವಮೊಗ್ಗದಿಂದ ವ್ಯಾಯಾಮದ ಹೊಸ ಮ್ಯಾಟುಗಳು ಬಂದವು. ಗೂಡ್ಸ್ ಆಟೋದವನು ಸುರುಳಿಗಳನ್ನು ಬಾಗಿಲ ಹತ್ತಿರ ಇಳಿಸಿ ಹೋದ ಮೇಲೆ ನಾನೊಬ್ಬಳೇ ಕೂತು ಪ್ಲಾಸ್ಟಿಕ್ ಹರಿಯತೊಡಗಿದೆ. ಹೊಸ ರಬ್ಬರಿನ ಘಾಟು ಕೋಣೆಯನ್ನೆಲ್ಲ ತುಂಬಿತು. ಬೇರೆಯವರಿಗೆ ಅದು ಚಪ್ಪಲಿ ಅಂಗಡಿಯ ವಾಸನೆ ಅನ್ನಿಸಬಹುದು. ನನಗೆ ಮಾತ್ರ ಅದು ಒಂದು ಇಡೀ ವರ್ಷವನ್ನು ತಂದು ಎದುರಿಗೆ ನಿಲ್ಲಿಸುತ್ತದೆ. ದೀಪಾವಳಿ ಕಳೆದ ಮೇಲಿನ ಒಂದು ಬೆಳಗ್ಗೆ ಶಿಕಾರಿಪುರದ ಜಿಮ್ಮಿನಲ್ಲಿ ನಾನು ಕಣ್ಣು ಬಿಟ್ಟಾಗ ನನ್ನ ಕೆನ್ನೆ ಇಂಥದೇ ಒಂದು ಮ್ಯಾಟಿಗೆ ಅಂಟಿಕೊಂಡಿತ್ತು.

ಆಗ ನನಗೆ ಇಪ್ಪತ್ತೆಂಟು. ಬಸ್ ಸ್ಟ್ಯಾಂಡಿನಿಂದ ಸ್ವಲ್ಪ ಮುಂದೆ, ಹಾರ್ಡ್‌ವೇರ್ ಅಂಗಡಿಯ ಮಹಡಿಯ ಮೇಲಿದ್ದ ಆ ಜಿಮ್ಮಿನಲ್ಲಿ ಹೆಂಗಸರ ಬ್ಯಾಚು ನನ್ನದಾಗಿತ್ತು. ಗಂಡಸರು ಏಳಕ್ಕೆ ಬರುವುದರೊಳಗೆ ನಾವು ಮುಗಿಸಿ ಇಳಿಯಬೇಕಿತ್ತು. ಹಾಗಾಗಿ ಐದೂವರೆಗೆ ಶುರು. ಅಂಗಡಿಕಾರರ ಮನೆಯವರು, ಟೀಚರುಗಳು, ಬ್ಯಾಂಕಿನವರು, ಸ್ವೆಟರ್ ಮೇಲೆ ಶಾಲು ಹೊದ್ದು ಬಂದು ಮೆಟ್ಟಿಲ ಬುಡದಲ್ಲಿ ಚಪ್ಪಲಿ ಬಿಟ್ಟು, ಕೈಚೀಲದಿಂದ ಶೂ ತೆಗೆದು ಹಾಕಿಕೊಳ್ಳುತ್ತಿದ್ದರು. ರಸ್ತೆಯಲ್ಲಿ ಶೂ ಹಾಕಿಕೊಂಡು ನಡೆಯಲು ಕೆಲವರಿಗೆ ಸಂಕೋಚ. ನನ್ನನ್ನು ಎಲ್ಲರೂ ಶೈಲಾ ಮೇಡಂ ಅನ್ನುತ್ತಿದ್ದರು. ಸಂತೆಯಲ್ಲಿ ಸಿಕ್ಕರೆ ತಮ್ಮ ಮಕ್ಕಳಿಗೆ ನನ್ನ ತೋಳು ತೋರಿಸುತ್ತಿದ್ದರು.

ಆ ಮೇಡಂಗೆ ಒಂದು ಗುಟ್ಟಿತ್ತು. ಡಿಗ್ರಿ ಎರಡನೇ ವರ್ಷದಲ್ಲಿ ನನಗೆ ಮೊದಲ ಸಲ ಫಿಟ್ಸ್ ಬಂತು. ಅಪ್ಪ ತೀರಿಕೊಂಡು ಆಗಷ್ಟೇ ವರ್ಷವಾಗಿತ್ತು. ಅವ್ವ ಮನೆಯ ಮುಂದಿನ ಕೋಣೆಯಲ್ಲಿ ಎಣ್ಣೆ, ಬೇಳೆ, ಬೆಲ್ಲದ ಅಂಗಡಿ ನಡೆಸಿಕೊಂಡು ನನ್ನನ್ನು ಓದಿಸುತ್ತಿದ್ದಳು. ನನ್ನ ಮಾತ್ರೆಗಳನ್ನು ಊರಿನ ಮೆಡಿಕಲ್ ಶಾಪಿನಲ್ಲಿ ಅವಳು ಒಂದು ಸಲವೂ ಕೊಳ್ಳಲಿಲ್ಲ. ಅಂಗಡಿಯವನು ನಮ್ಮ ಪೈಕಿಯವನೇ, ನಾಳೆ ಎಲ್ಲರ ಬಾಯಿಗೆ ಬರುತ್ತದೆ ಎಂಬ ಭಯ. ಶಿವಮೊಗ್ಗದಿಂದ ತಂದು, ಹಾಳೆಯಿಂದ ಒಂದೊಂದೇ ಮಾತ್ರೆ ಬಿಡಿಸಿ, ಹೆಸರಿಲ್ಲದ ಪುಟ್ಟ ಡಬ್ಬಿಗೆ ಹಾಕಿಡುತ್ತಿದ್ದಳು. ಯಾರ ಮುಂದೆಯೂ ಬಾಯಿ ಬಿಡಬೇಡ, ಮದುವೆಯಾಗಬೇಕಾದ ಹುಡುಗಿ ಎಂದು ಹೇಳುತ್ತಲೇ ಇರುತ್ತಿದ್ದಳು. ನಾನು ವ್ಯಾಯಾಮಕ್ಕೆ ಬಿದ್ದದ್ದೂ ಅದೇ ಕಾರಣಕ್ಕೆ ಇರಬೇಕು. ನೋಡಿದವರಿಗೆ ಇವಳು ಗಟ್ಟಿ ಅನ್ನಿಸಿದರೆ ಯಾರೂ ಅನುಮಾನ ಪಡುವುದಿಲ್ಲ ಎಂದು ಒಳಗೆಲ್ಲೋ ನಂಬಿದ್ದೆ. ನಾಲ್ಕು ವರ್ಷ ಏನೂ ಆಗದೇ ಇದ್ದಾಗ ಕಾಯಿಲೆ ಬಿಟ್ಟೇ ಹೋಯಿತು ಅಂದುಕೊಂಡೆ. ಬೆಳಗ್ಗೆ ನಾಲ್ಕಕ್ಕೆ ಏಳುವುದು, ಸಂಜೆ ಮನೆ ಮನೆಗೆ ಹೋಗಿ ಕಲಿಸುವುದು, ಮಲಗುವ ಹೊತ್ತಿಗೆ ಹನ್ನೊಂದು. ಮಾತ್ರೆ ತಿಂದರೆ ಮುಂಜಾನೆ ಮಂಪರು ಹತ್ತುತ್ತಿತ್ತು. ಆ ದೀಪಾವಳಿಯ ಆಸುಪಾಸಿನಲ್ಲಿ ಕೆಲವು ರಾತ್ರಿ ಅದನ್ನು ಬಿಟ್ಟೂ ಬಿಟ್ಟೆ.

ಬ್ಯಾಚಿನ ಹಿಂದಿನ ಸಾಲಿನಲ್ಲಿ, ಬಾತ್‌ರೂಮಿನ ಬಾಗಿಲ ಪಕ್ಕ, ಗಿರಿಜಕ್ಕ ನಿಲ್ಲುತ್ತಿದ್ದರು. ಪೇಟೆ ಬೀದಿಯಲ್ಲಿ ಬಟ್ಟೆ ಅಂಗಡಿ ಇಟ್ಟ ಮನೆತನದ ಸೊಸೆ, ನಲವತ್ತೈದರ ಮೇಲಿನ ವಯಸ್ಸು, ಮೂರು ಮಕ್ಕಳ ತಾಯಿ. ಒಂದು ದಿನವೂ ತಪ್ಪಿಸದವರು. ಆದರೆ ನಾನು ಜಿಗಿಯಲು ಹೇಳಿದ ಕೂಡಲೇ ಶೂ ಲೇಸ್ ಕಟ್ಟಲು ಬಗ್ಗುತ್ತಿದ್ದರು. ಸುಸ್ತಾಗಿರಬೇಕು ಎಂದು ನಾನೂ ಸುಮ್ಮನಿರುತ್ತಿದ್ದೆ.

ಆ ದಿನ ಜಿಗಿತ ಹೇಳಿಕೊಡುತ್ತಿದ್ದೆ ಎನ್ನುವುದಷ್ಟೇ ನನಗೆ ನೆನಪು. ಆಮೇಲೆ ಮ್ಯಾಟಿನ ವಾಸನೆ, ಫಿನಾಯಿಲ್ ವಾಸನೆ, ನಾಲಿಗೆಯಲ್ಲಿ ರಕ್ತದ ರುಚಿ. ಮುಷ್ಟಿಯೊಳಗೆ ಯಾರದೋ ಬೀಗದ ಕೈ ಗೊಂಚಲು ಇಟ್ಟಿದ್ದರು. ಮೂಗಿನ ಹತ್ತಿರ ಒಂದು ಈರುಳ್ಳಿ ಬಿದ್ದಿತ್ತು. ಬೆಳಗಿನ ಜಾವ ಜಿಮ್ಮಿಗೆ ಈರುಳ್ಳಿ ಯಾರು ತಂದರೋ ಇವತ್ತಿಗೂ ಗೊತ್ತಿಲ್ಲ. ಸೊಂಟದಿಂದ ಕೆಳಗೆ ದಪ್ಪನೆಯ ಶಾಲು ಹೊದಿಸಿತ್ತು. ಅದರೊಳಗೆ ನನ್ನ ಪ್ಯಾಂಟು ಒದ್ದೆಯಾಗಿದ್ದದ್ದು ಗೊತ್ತಾದಾಗ ಮತ್ತೆ ಕಣ್ಣು ಮುಚ್ಚಿಕೊಂಡೆ.

ಬಾಗಿಲ ಹೊರಗೆ ಪಿಸುಮಾತು ಕೇಳುತ್ತಿತ್ತು. ಗಿರಿಜಕ್ಕ ಎಲ್ಲರನ್ನೂ ಆಚೆ ಕಳಿಸಿ, ಸೀರೆ ಎತ್ತಿ ಕಟ್ಟಿ, ಮೊಣಕಾಲೂರಿ ಮ್ಯಾಟು ಒರೆಸುತ್ತಿದ್ದರು. ಯಾರೋ ಇಣುಕಿ ಏನಾಯಿತು ಎಂದಾಗ, ನೀರಿನ ಬಾಟಲಿ ಉರುಳಿತ್ತು ಅಂದರು. ಆಮೇಲೆ ತಮ್ಮ ಅಂಗಡಿಯಿಂದ ಒಂದು ಹೊಸ ಚೂಡಿದಾರ ಪ್ಯಾಂಟು ತರಿಸಿ, ಬಾತ್‌ರೂಮಿಗೆ ಕರೆದುಕೊಂಡು ಹೋಗಿ, ನಾನು ಬಟ್ಟೆ ಬದಲಿಸುವವರೆಗೆ ಬಾಗಿಲಿಗೆ ಬೆನ್ನು ಕೊಟ್ಟು ನಿಂತರು. ನನ್ನ ಮುಖ ನೋಡಲಿಲ್ಲ. ನಾನೂ ಅವರ ಮುಖ ನೋಡಲಿಲ್ಲ.

ಮರುದಿನದಿಂದ ಹೆಂಗಸರು ಒಬ್ಬೊಬ್ಬರೇ ಬರುವುದು ನಿಲ್ಲಿಸಿದರು. ಯಾರೂ ಕೆಟ್ಟ ಮಾತಾಡಲಿಲ್ಲ. ಒಬ್ಬರ ಮಗಳಿಗೆ ಪರೀಕ್ಷೆ, ಇನ್ನೊಬ್ಬರ ಮನೆಗೆ ನೆಂಟರು. ಜಿಮ್ಮಿನ ಮಾಲೀಕರೂ ಒಳ್ಳೆಯವರೇ, ಸ್ವಲ್ಪ ದಿನ ರೆಸ್ಟ್ ತಗೊಳ್ಳಿ ಮೇಡಂ ಅಂದರು. ಎರಡೇ ವಾರದಲ್ಲಿ ದಾವಣಗೆರೆಯಿಂದ ಬೇರೆ ಹುಡುಗಿ ಬಂದಳು ಎಂದು ಗೊತ್ತಾಯಿತು. ಅವ್ವ ದೃಷ್ಟಿ ತೆಗೆದಳು, ಅತ್ತಳು, ಕೊನೆಗೆ ನನ್ನನ್ನು ಸೊರಬಕ್ಕೆ ತನ್ನ ತಂಗಿಯ ಮನೆಗೆ ಕಳಿಸಿದಳು. ಊರು ಮರೆಯುವವರೆಗೆ ಅಲ್ಲಿರು ಅಂದಳು.

ಶಿಕಾರಿಪುರ ದಾಟುವವರೆಗೂ ರಸ್ತೆಯ ಅಂಚಿನಲ್ಲಿ ಮೆಕ್ಕೆಜೋಳ ಒಣಗಲು ಹರವಿದ್ದರು. ಬಸ್ಸು ಅದನ್ನು ತಪ್ಪಿಸಿ ತಪ್ಪಿಸಿ ಹೋಗುತ್ತಿತ್ತು. ಸೊರಬದ ಹತ್ತಿರ ಬಂದಂತೆ ಬಿಸಿಲು ತಣ್ಣಗಾಯಿತು, ಗದ್ದೆಗಳಲ್ಲಿ ಕೊಯ್ಲು ನಡೆದಿತ್ತು. ಚಿಕ್ಕಮ್ಮ ಅಂಗನವಾಡಿಯಲ್ಲಿ ಟೀಚರಾಗಿದ್ದು ನಿವೃತ್ತಳಾದವಳು. ಮದುವೆಯಾಗಿ ಬಂದು ಮೂವತ್ತು ವರ್ಷವಾಗಿ, ಮಾತು ಪೂರ್ತಿ ಸೊರಬದ ಕಡೆಯದಾಗಿತ್ತು. ಹೋದ ದಿನವೇ ಅವಳು ನನ್ನ ಚೀಲದಿಂದ ಆ ಹೆಸರಿಲ್ಲದ ಡಬ್ಬಿ ತೆಗೆದು, ಊಟದ ಮನೆಯ ಕಟ್ಟೆಯ ಮೇಲೆ, ಸಕ್ಕರೆ ಡಬ್ಬಿಯ ಪಕ್ಕ ಇಟ್ಟಳು. ಸಂಜೆ ಪಕ್ಕದ ಮನೆಯಾಕೆ ಕರಿಬೇವಿಗೆ ಬಂದು, ಅದೆಂತ ಮಾತ್ರೆ ಎಂದು ಕೇಳಿದರು.

"ಫಿಟ್ಸಿಂದು. ನಮ್ ಶೈಲಂಗೆ," ಅಂದಳು ಚಿಕ್ಕಮ್ಮ, ಮಜ್ಜಿಗೆ ಕಡೆಯುತ್ತಲೇ.

ಪಕ್ಕದ ಮನೆಯಾಕೆ ತನ್ನ ಮೈದುನನಿಗೂ ಇದೆ ಎಂದರು, ಅವನು ಕುಪ್ಪಗಡ್ಡೆಯಲ್ಲಿ ಟ್ರ್ಯಾಕ್ಟರ್ ಓಡಿಸುವುದನ್ನು ಬಿಟ್ಟು ಈಗ ಹಾಲಿನ ಡೇರಿಯಲ್ಲಿದ್ದಾನೆ ಎಂದರು, ಕರಿಬೇವು ತೆಗೆದುಕೊಂಡು ಹೋದರು. ಅಷ್ಟೇ. ಎಂಟು ವರ್ಷ ನಾವು ಮುಚ್ಚಿಟ್ಟಿದ್ದ ಸಂಗತಿ ಒಂದು ನಿಮಿಷವೂ ಆಗದೆ ಮುಗಿದುಹೋಯಿತು. ಆಮೇಲೆ ಚಿಕ್ಕಮ್ಮನ ಮೇಲೆ ಸಿಟ್ಟಾದೆ. ಅವಳು ಅದಕ್ಕೂ ಸೊಪ್ಪು ಹಾಕಲಿಲ್ಲ.

ಮುಂದಿನ ವಾರ ಅವಳೇ ಶಿವಮೊಗ್ಗದ ನರರೋಗ ಡಾಕ್ಟರ ಹತ್ತಿರ ಕರೆದುಕೊಂಡು ಹೋದಳು. ಡಾಕ್ಟರು ಸ್ಕ್ಯಾನಿನ ಚಿತ್ರ ನೋಡುವುದಕ್ಕಿಂತ ಹೆಚ್ಚು ಹೊತ್ತು ನನ್ನ ನಿದ್ದೆಯ ಬಗ್ಗೆಯೇ ಕೇಳಿದರು. ಎಷ್ಟಕ್ಕೆ ಮಲಗುತ್ತೀರಿ, ಎಷ್ಟಕ್ಕೆ ಏಳುತ್ತೀರಿ, ಮಾತ್ರೆ ಬಿಟ್ಟಿದ್ದೀರಾ. ನಾನು ಮೊದಲ ಸಲ ನಿಜ ಹೇಳಿದೆ. ಕೆಲಸ ಬಿಡಬೇಕೇ ಎಂದು ಕೇಳಿದಾಗ ಅವರು, "ಕೆಲಸ ಬಿಡಬೇಕಾಗಿಲ್ಲ. ನಾಲ್ಕಕ್ಕೆ ಏಳೋದನ್ನ ಬಿಡಬೇಕು," ಅಂದರು. ಒಬ್ಬಳೇ ಇರುವಾಗ ಭಾರ ಎತ್ತಬಾರದು, ಸದ್ಯಕ್ಕೆ ಸ್ಕೂಟಿ ಬೇಡ. ಮಾತ್ರೆ ಬದಲಾಯಿಸಿದರು.

ಹಾಗೆ ಚಳಿಗಾಲ ಶುರುವಾಯಿತು. ಒಂಬತ್ತಕ್ಕೆ ಮಲಗಿ, ಮಂಜು ಕರಗಿದ ಮೇಲೆ ಏಳುತ್ತಿದ್ದೆ. ಹಗಲೆಲ್ಲ ಎಲ್ಲಿಂದಲೋ ಭತ್ತ ಒಕ್ಕುವ ಯಂತ್ರದ ಸದ್ದು, ಗಾಳಿಯಲ್ಲಿ ಹುಲ್ಲಿನ ಧೂಳು. ತೋಳು ಸಡಿಲವಾಯಿತು, ಹೊಟ್ಟೆ ಮೃದುವಾಯಿತು. ವ್ಯಾಯಾಮ ಮಾಡಲು ಹೆದರಿಕೆ. ಉಸಿರು ಸ್ವಲ್ಪ ಏರಿದರೂ ಈಗ ಬಿದ್ದೆ ಅನ್ನಿಸುತ್ತಿತ್ತು. ಬೇರೆಯವರ ದೇಹದ ಬಗ್ಗೆ ಅಷ್ಟೊಂದು ಮಾತಾಡುತ್ತಿದ್ದವಳಿಗೆ ತನ್ನ ದೇಹವೇ ಯಾರೋ ಅಪರಿಚಿತರದ್ದು ಅನ್ನಿಸತೊಡಗಿತು. ಒಂದು ದಿನ ಚಿಕ್ಕಮ್ಮ ಹಿತ್ತಲಿನ ಜಗಲಿಯಲ್ಲಿ ಮಣೆ ಹಾಕಿಕೊಂಡು ಕೂತಳು.

"ನಾ ಇಲ್ಲೇ ಸೊಪ್ಪು ಬಿಡಿಸ್ತಾ ಇರ್ತೀನಿ. ನೀ ಎಂತ ಮಾಡ್ತಿಯೋ ಮಾಡು. ಬಿದ್ರೆ ಎತ್ತಕ್ಕೆ ನಾನಿಲ್ವಾ," ಅಂದಳು.

ಕಿಟಕಿಯ ಸರಳು ಹಿಡಿದುಕೊಂಡು ಕೂತು ಎದ್ದೆ. ಮತ್ತೆ ಕೂತು ಎದ್ದೆ. ಬೀಳಲಿಲ್ಲ. ಅವತ್ತು ಸ್ನಾನ ಮಾಡುವಾಗ ತೊಡೆ ನಡುಗುತ್ತಿತ್ತು. ಆ ನಡುಕ ಮಾತ್ರ ನನಗೆ ಪರಿಚಯದ್ದು. ಖುಷಿಯಾಯಿತು.

ಸಂಕ್ರಾಂತಿಗೆ ಗಿರಿಜಕ್ಕ ಬಂದರು. ಅವರ ತವರು ಕುಪ್ಪಗಡ್ಡೆ. ಅಲ್ಲಿಂದ ಹಿಂದಿರುಗುವಾಗ ಸೊರಬದಲ್ಲಿ ಇಳಿದು, ಕೇಳಿಕೊಂಡು ಮನೆಗೆ ಬಂದಿದ್ದರು. ಎಳ್ಳುಬೆಲ್ಲ ಕೊಟ್ಟರು, ಚಿಕ್ಕಮ್ಮನ ಜೊತೆ ಕಬ್ಬಿನ ಬಗ್ಗೆ, ಶುಂಠಿಗೆ ಬಂದ ಕೊಳೆರೋಗದ ಬಗ್ಗೆ ಮಾತಾಡಿದರು. ಚಿಕ್ಕಮ್ಮ ಚಹಾಕ್ಕೆಂದು ಒಳಗೆ ಹೋದಾಗ ನಾವಿಬ್ಬರೇ ಉಳಿದೆವು. ಅವತ್ತು ಒರೆಸಿದ್ದಕ್ಕೆ ಏನಾದರೂ ಹೇಳಬೇಕು ಎಂದು ನಾನು ಬಾಯಿ ತೆರೆದೆ. ಅವರು ಕೈ ಅಡ್ಡ ಹಿಡಿದರು.

"ನಿನಗೆ ಅವತ್ತೊಂದು ದಿನ ಆತು ಶೈಲಾ. ನನಗೆ ದಿನಾ ಆಗತೈತಿ," ಅಂದರು.

ನನಗೆ ಅರ್ಥವಾಗಲಿಲ್ಲ. ಅವರು ಎಳ್ಳುಬೆಲ್ಲದ ಪೊಟ್ಟಣದ ದಾರ ಸುತ್ತುತ್ತ ನಿಧಾನವಾಗಿ ಹೇಳಿದರು. ಮೂರನೇ ಹೆರಿಗೆ ಕಷ್ಟದ್ದಾಗಿತ್ತು. ಅಂದಿನಿಂದ ಸೀನಿದರೆ, ನಕ್ಕರೆ, ಕೆಮ್ಮಿದರೆ, ಕೊಡ ಎತ್ತಿದರೆ ತಡೆಯಲು ಆಗುವುದಿಲ್ಲ. ಹದಿನೇಳು ವರ್ಷವಾಯಿತು. ದೂರದ ಮದುವೆಗಳಿಗೆ ಹೋಗುವುದನ್ನು ಬಿಟ್ಟಿದ್ದಾರೆ. ಗಂಡನಿಗೂ ಹೇಳಿಲ್ಲ. ಜಿಮ್ಮಿಗೆ ಬಂದದ್ದೇ ಗಟ್ಟಿಯಾದರೆ ಇದು ನಿಲ್ಲಬಹುದೇನೋ ಎಂಬ ಆಸೆಯಿಂದ. ಜಿಗಿಯಲು ಹೇಳಿದಾಗ ಜೀವ ಹೋದಂತಾಗುತ್ತಿತ್ತು. ಬಾತ್‌ರೂಮಿನ ಪಕ್ಕ ನಿಲ್ಲುತ್ತಿದ್ದದ್ದೂ ಅದಕ್ಕೇ. "ನಿನ್ನ ನೋಡಿದ ಕೂಡ್ಲೆ, ಮೊದಲು ಇದನ್ನ ಯಾರೂ ನೋಡಬಾರದು ಅಂತ ಅನ್ನಿಸ್ತು ನೋಡವ್ವಾ. ಫಿಟ್ಸ್ ಬಗ್ಗೆ ನನಗೇನೂ ತಿಳೀದು. ಇದು ತಿಳೀತೈತಿ," ಅಂದರು.

ನಾನು ಅವರ ಕೈ ಹಿಡಿದುಕೊಂಡೆ. ಇಬ್ಬರೂ ಸ್ವಲ್ಪ ಹೊತ್ತು ಅತ್ತೆವು, ಆಮೇಲೆ ಯಾಕೋ ನಗು ಬಂತು. ನಗಿಸಬೇಡ ಮಾರಾಯ್ತಿ, ಚಹಾ ಕುಡಿದಿಲ್ಲ ಇನ್ನೂ, ಎದ್ದು ಓಡಬೇಕಾಗುತ್ತದೆ ಎಂದರು ಗಿರಿಜಕ್ಕ. ಇನ್ನಷ್ಟು ನಗು ಬಂತು.

ಇದಕ್ಕೆ ವ್ಯಾಯಾಮ ಇದೆಯಾ ಎಂದು ಅವರು ಕೇಳಿದಾಗ ನಾನು ಗೊತ್ತಿಲ್ಲ ಅಂದೆ. ಟ್ರೇನರ್ ಆದಮೇಲೆ ಆ ಮಾತನ್ನು ಎಂದೂ ಆಡಿರಲಿಲ್ಲ. ಕೇಳಿದವರಿಗೆಲ್ಲ ಏನಾದರೊಂದು ಉತ್ತರ ಕೊಡುತ್ತಿದ್ದೆ. ಗೊತ್ತಿಲ್ಲ, ಆದರೆ ಕೇಳಿ ತಿಳಿದುಕೊಳ್ಳುತ್ತೇನೆ ಅಂದೆ.

ಮುಂದಿನ ಸಲ ಡಾಕ್ಟರ ಹತ್ತಿರ ಹೋದಾಗ ಕೇಳಿದೆ. ಅವರು ಒಬ್ಬ ಮಹಿಳಾ ಫಿಸಿಯೋಥೆರಪಿಸ್ಟ್ ಹೆಸರು ಬರೆದುಕೊಟ್ಟರು. ಫೆಬ್ರವರಿಯಿಂದ ವಾರಕ್ಕೊಮ್ಮೆ ನಾನು ಸೊರಬದಿಂದ ಶಿವಮೊಗ್ಗದ ಬಸ್ಸು ಹತ್ತುತ್ತಿದ್ದೆ, ಶಿಕಾರಿಪುರದಲ್ಲಿ ಗಿರಿಜಕ್ಕ ಸೇರಿಕೊಳ್ಳುತ್ತಿದ್ದರು. ಮನೆಯಲ್ಲಿ ಮಂಡಿನೋವಿನ ಚಿಕಿತ್ಸೆ ಎಂದು ಹೇಳಿ ಬರುತ್ತಿದ್ದರು. ಆ ಫಿಸಿಯೋ ಮೇಡಂ ನಮ್ಮಿಬ್ಬರನ್ನೂ ಕೂರಿಸಿಕೊಂಡು ಹೊಟ್ಟೆಯ ಕೆಳಗಿನ ಸ್ನಾಯುಗಳ ಚಿತ್ರ ತೋರಿಸಿದರು. ಮೂತ್ರ ತಡೆಹಿಡಿಯುವಾಗ ಬಿಗಿಯಾಗುವ ಆ ಸ್ನಾಯುಗಳನ್ನು ಉಸಿರು ಕಟ್ಟದೆ ಬಿಗಿ ಹಿಡಿಯುವುದು, ಬಿಡುವುದು. ಮಲಗಿ, ಆಮೇಲೆ ಕೂತು, ಆಮೇಲೆ ನಿಂತು. ನೋಡುವವರಿಗೆ ಏನೂ ಮಾಡುತ್ತಿರುವಂತೆ ಕಾಣುವುದಿಲ್ಲ. ನಾನು ಕಲಿತಿದ್ದ ವ್ಯಾಯಾಮಗಳೆಲ್ಲ ಕನ್ನಡಿಯಲ್ಲಿ ಕಾಣುವಂಥವು. ಹೆರಿಗೆಯಾದವರು ಯಾವಾಗ ಜಿಗಿಯಬಹುದು, ಮುಟ್ಟು ನಿಲ್ಲುವ ವಯಸ್ಸಿನವರು ಭಾರ ಹೇಗೆ ಎತ್ತಬೇಕು ಎಂದು ನನ್ನ ಸರ್ಟಿಫಿಕೇಟ್ ಕೋರ್ಸಿನಲ್ಲಿ ಯಾರೂ ಹೇಳಿರಲಿಲ್ಲ. ನಾನು ಕೇಳುತ್ತ ಹೋದೆ, ಅವರು ಬೇಸರಿಸದೆ ಹೇಳುತ್ತ ಹೋದರು. ನೀವೇ ನಿಮ್ಮ ಊರಲ್ಲಿ ಕಲಿಸಿ, ಜಾಸ್ತಿ ತೊಂದರೆ ಇದ್ದವರನ್ನು ನನ್ನ ಹತ್ತಿರ ಕಳಿಸಿ ಎಂದರು.

ಬೇಸಿಗೆ ಬಂತು. ಯುಗಾದಿ ಕಳೆದು ಮಾವು ಪೇಟೆಗೆ ಬರುವ ಹೊತ್ತಿಗೆ ಒಂದು ಮಧ್ಯಾಹ್ನ ಗಿರಿಜಕ್ಕ ಫೋನ್ ಮಾಡಿದರು. ಒಣಮೆಣಸಿನಕಾಯಿ ಹುರಿಯುತ್ತಿದ್ದರಂತೆ.

"ಸೀನಿದೆ ಶೈಲಾ. ಮೂರು ಸೀನು. ಏನೂ ಆಗಲಿಲ್ಲ."

ನಾನು ಹಿತ್ತಲಲ್ಲಿ ಬಟ್ಟೆ ಒಣಗಿಸುತ್ತಿದ್ದೆ. ಫೋನು ಕಿವಿಗೆ ಹಿಡಿದುಕೊಂಡೇ ಬಟ್ಟೆ ಒಗೆಯುವ ಕಲ್ಲಿನ ಮೇಲೆ ಕೂತುಬಿಟ್ಟೆ. ಆ ದಿನ ಅವರು ಗಂಡನಿಗೆ ಎಲ್ಲವನ್ನೂ ಹೇಳಿದರು. ಅವರ ಯಜಮಾನರು ಮೊದಲೇ ಯಾಕೆ ಹೇಳಲಿಲ್ಲ ಎಂದಷ್ಟೇ ಕೇಳಿದರಂತೆ. ಮರುವಾರ ಬಟ್ಟೆ ಅಂಗಡಿಯ ಮೇಲಿನ ದಾಸ್ತಾನು ಕೋಣೆ ಖಾಲಿ ಮಾಡಿಸಿ, ಸುಣ್ಣ ಹೊಡೆಸಿ, ಶೈಲಾ ಮೇಡಂ ಇಲ್ಲಿ ಕಲಿಸಲಿ ಎಂದು ಹೇಳಿ ಕಳಿಸಿದರು.

ಶಿಕಾರಿಪುರಕ್ಕೆ ಹಿಂತಿರುಗಲು ನನಗೆ ಅಂಜಿಕೆಯಿತ್ತು. ಬ್ಯಾಚಿನ ಹೊತ್ತು ಬೆಳಗ್ಗೆ ಹತ್ತಕ್ಕೆ ಎಂದು ಗೊತ್ತು ಮಾಡಿದೆ. ನನಗೆ ನಿದ್ದೆ ಬೇಕಿತ್ತು. ಆಶ್ಚರ್ಯವೆಂದರೆ ಹೆಂಗಸರಿಗೂ ಆ ಹೊತ್ತೇ ಬೇಕಿತ್ತು. ಮಕ್ಕಳು ಶಾಲೆಗೆ, ಗಂಡಸರು ಅಂಗಡಿಗೆ ಹೋದ ಮೇಲಿನ ಆ ಒಂದು ಗಂಟೆಯನ್ನು ಅವರಿಂದ ಯಾರೂ ಕೇಳುವುದಿಲ್ಲ. ಮೊದಲ ದಿನವೇ ನನ್ನ ಕಾಯಿಲೆಯ ವಿಷಯ ಎಲ್ಲರಿಗೂ ಹೇಳುತ್ತೇನೆ ಎಂದಾಗ ಅವ್ವ ಊಟ ಬಿಟ್ಟು ಕೂತಳು. ಹೊತ್ತಿಗೆ ಮುಂಚೆ ಮಳೆ ಬಿದ್ದ ದಿನ ಅದು. ಅವಳನ್ನು ಸಮಾಧಾನ ಮಾಡಲಾಗದೆ, ಕೊಡೆ ಹಿಡಿದುಕೊಂಡು ನಡೆದೇ ಹೋದೆ.

ಎಂಟೊಂಬತ್ತು ಮಂದಿ ಬಂದಿದ್ದರು. ಹಳೆಯ ಬ್ಯಾಚಿನವರೂ ಇದ್ದರು. ನನಗೆ ಫಿಟ್ಸ್ ಇದೆ, ಮಾತ್ರೆ ತಿನ್ನುತ್ತೇನೆ, ಆದರೂ ಬರಬಹುದು ಎಂದೆ. ಬಂದರೆ ಕಬ್ಬಿಣ ಕೊಡಬೇಡಿ, ಬಾಯಿಗೆ ಏನೂ ಹಾಕಬೇಡಿ, ಒತ್ತಿ ಹಿಡಿಯಬೇಡಿ. ಪಕ್ಕಕ್ಕೆ ಹೊರಳಿಸಿ, ತಲೆಯ ಕೆಳಗೆ ಮೆತ್ತನೆಯದೇನಾದರೂ ಇಡಿ, ಗಡಿಯಾರ ನೋಡಿ. ಐದು ನಿಮಿಷ ದಾಟಿದರೆ ಮಾತ್ರ ಆಸ್ಪತ್ರೆ. ಒಬ್ಬ ನಿವೃತ್ತ ಟೀಚರು, ಹೊರಳಿಸುವುದು ಹೇಗೆ ಎಂದು ತೋರಿಸಿ ಮೇಡಂ ಎಂದರು. ನಾನು ಮಲಗಿದೆ. ಒಬ್ಬೊಬ್ಬರೇ ಬಂದು ನನ್ನನ್ನು ಹೊರಳಿಸಿದರು. ಒಬ್ಬರು ಹೊರಳಿಸುವಾಗ ಕಚಗುಳಿ ಇಟ್ಟಂತಾಗಿ ನಾನು ನಕ್ಕೆ, ಎಲ್ಲರೂ ನಕ್ಕರು. ಆ ನಗುವಿನ ನಡುವೆಯೇ ಗಿರಿಜಕ್ಕ ತಮ್ಮದನ್ನು ಹೇಳಿದರು. ಆಮೇಲೆ ಯಾರನ್ನೂ ಕೇಳಬೇಕಾಗಲಿಲ್ಲ. ಒಬ್ಬರಿಗೆ ಗರ್ಭಕೋಶ ತೆಗೆದ ಮೇಲಿನ ಬೆನ್ನುನೋವು, ಒಬ್ಬರಿಗೆ ಮಗು ಹೋದ ಮೇಲಿನ ನಿದ್ರಾಹೀನತೆ. ಅವತ್ತು ವ್ಯಾಯಾಮ ಮಾಡಿದ್ದು ಕಡಿಮೆ.

ಆಷಾಢದಲ್ಲಿ ನನಗೆ ಜ್ವರ ಬಂತು. ಅದು ಬಿಟ್ಟ ಮರುದಿನವೇ ಬ್ಯಾಚಿಗೆ ಹೋದೆ, ಹೋಗಬಾರದಿತ್ತು. ಕಣ್ಣು ಬಿಟ್ಟಾಗ ಎಡಮಗ್ಗುಲಿಗೆ ಮಲಗಿದ್ದೆ. ತಲೆಯ ಕೆಳಗೆ ಮಡಿಸಿದ ಸ್ವೆಟರ್ ಇತ್ತು. ಮೇಲೊಂದು ಬೆಡ್‌ಶೀಟು. ಮುಷ್ಟಿ ಖಾಲಿ. ಗಿರಿಜಕ್ಕ ಪಕ್ಕದಲ್ಲಿ ಕೂತು ಕೈಯಲ್ಲಿದ್ದ ಮೊಬೈಲು ನೋಡುತ್ತಿದ್ದರು.

"ಎರಡು ನಿಮಿಷ ಆತು ಅಷ್ಟ. ನೀನು ಬ್ಯಾಚಿನಾಗ ಇದ್ದಿ. ಎಲ್ಲಾರೂ ಇಲ್ಲೇ ಅದೀವಿ," ಅಂದರು.

ಗೋಡೆಗೆ ಒರಗಿ ಎಲ್ಲರೂ ಸಾಲಾಗಿ ಕೂತಿದ್ದರು. ಯಾರೂ ಪಿಸುಗುಟ್ಟುತ್ತಿರಲಿಲ್ಲ. ಹೊರಗೆ ಮಳೆಯ ಸದ್ದಿತ್ತು.

ಮನೆಗೆ ಬಂದು ಮಲಗಿದವಳು ಸಂಜೆ ಎದ್ದೆ. ಡಾಕ್ಟರಿಗೆ ಫೋನ್ ಮಾಡಿದೆ, ಜ್ವರದಿಂದ ಹಾಗಾಗಿರಬಹುದು, ಎರಡು ದಿನ ಬಿಟ್ಟು ಹೋಗಿ ಅಂದರು. ಮೂರನೇ ದಿನ ಹೊರಟಾಗ ಮತ್ತೆ ಹಳೆಯದೇ ಕಥೆ ಅಂದುಕೊಂಡೆ. ಮೆಟ್ಟಿಲ ಬುಡದಲ್ಲಿ ಚಪ್ಪಲಿಗಳು ಇರುವುದಿಲ್ಲ, ಒಬ್ಬರ ಮನೆಗೆ ನೆಂಟರು, ಇನ್ನೊಬ್ಬರ ಮಗಳಿಗೆ ಪರೀಕ್ಷೆ. ಅವ್ವ ಅಂಗಡಿಯ ಬಾಗಿಲು ಹಾಕಿ ಜೊತೆಗೆ ಬಂದಳು. ಅವಳು ಅಲ್ಲಿಗೆ ಬಂದದ್ದು ಅದೇ ಮೊದಲು.

ಚಪ್ಪಲಿಗಳು ಇದ್ದವು. ಮಳೆಗೆ ಒದ್ದೆಯಾಗಿ, ಒಂದರ ಮೇಲೊಂದು ಬಿದ್ದು, ನನಗೆ ಕಾಲಿಡಲು ಜಾಗವಿರಲಿಲ್ಲ. ಮೇಲೆ ಹೋಗುವಷ್ಟರಲ್ಲಿ ಅವರೇ ಮ್ಯಾಟು ಹಾಸಿ ಕಾಯುತ್ತಿದ್ದರು. ನಾನು ಎಲ್ಲರ ಹಾಗೆ ಶೂ ಕಟ್ಟಿಕೊಳ್ಳಲು ಕೂತೆ. ಕಟ್ಟಲು ಬಹಳ ಹೊತ್ತು ಹಿಡಿಯಿತು.

ಅವತ್ತೇ ಒಬ್ಬ ತಾಯಿ, ಮಗಳನ್ನು ಕರೆದುಕೊಂಡು ಉಡುತಡಿಯಿಂದ ಬಂದರು. ಹುಡುಗಿಗೆ ಇಪ್ಪತ್ತರ ಒಳಗಿನ ವಯಸ್ಸು, ತಲೆ ಎತ್ತಿರಲಿಲ್ಲ. ನಾನು ಎಲ್ಲರಿಗೂ ಕೈ ತಿರುಗಿಸುವುದನ್ನು ಹೇಳುತ್ತಿದ್ದೆ. ಬಾಗಿಲ ಹತ್ತಿರದ ಕುರ್ಚಿಯಲ್ಲಿ ಅವ್ವ ಕೂತಿದ್ದಳು. ಆ ತಾಯಿ ಅವ್ವನನ್ನೇ ಇಲ್ಲಿಯವರು ಅಂದುಕೊಂಡು, ಮಗಳಿಗೆ ಸ್ವಲ್ಪ ನಿಶ್ಶಕ್ತಿ, ಆಗಾಗ ತಲೆ ಸುತ್ತುತ್ತದೆ, ಬೇರೇನೂ ಇಲ್ಲ, ಇಲ್ಲಿನ ಮೇಡಂ ನೋಡುತ್ತಾರೆ ಎಂದು ಯಾರೋ ಹೇಳಿದರು ಎಂದು ತಗ್ಗಿದ ದನಿಯಲ್ಲಿ ಹೇಳುತ್ತಿದ್ದರು. ನನ್ನ ಕಿವಿ ಅತ್ತಲೇ ಇತ್ತು.

ಅವ್ವ ಆ ಹುಡುಗಿಯನ್ನು ನೋಡಿದಳು. ನನ್ನನ್ನೂ ಒಮ್ಮೆ ನೋಡಿದಳು. ಎದ್ದು ತನ್ನ ಕುರ್ಚಿಯನ್ನು ಆ ತಾಯಿಗೆ ಸರಿಸಿದಳು.

"ಫಿಟ್ಸಾ? ನನ್ನ ಮಗಳಿಗೂ ಐತ್ರಿ. ಅಲ್ಲಿ ಕಲಿಸಾಕತ್ತಾಳಲ್ಲ, ಅಕಿನ ನನ್ನ ಮಗಳು. ಕೂತ್ಕೊಳ್ರಿ," ಅಂದಳು.